ನೋವು ನುಂಗೋದು ಸಂಸಾರವಲ್ಲ ತಮ್ಮಾ!

ಮುಚ್ಚುಮರೆಯಿಲ್ಲದ ಮಾತು: ಓದುಗರ ಗುಟ್ಟಿನ ಕಾಗದಗಳಿಗೆ ಅಣ್ಣನ ಉತ್ತರ

ಸಿನಿಮಾದಲ್ಲಿ ಮೊದಲ ರಾತ್ರಿ ಎಷ್ಟು ಸಲೀಸು ನೋಡಿ! ಹೂವಿನ ಮಂಚ, ಹಾಲಿನ ಲೋಟ, ತಲೆ ತಗ್ಗಿಸಿದ ನಾಯಕಿ. ನಾಯಕ ಗಲ್ಲ ಹಿಡಿದು ಮುಖ ಎತ್ತುತ್ತಾನೆ, ದೀಪ ಆರುತ್ತೆ, ಎರಡು ಹೂವು ತಲೆ ತಾಗಿಸುತ್ತವೆ... ಕಟ್! ಮುಂದಿನ ಸೀನಿನಲ್ಲಿ ನಾಯಕಿ ಒದ್ದೆ ಕೂದಲು ಒರೆಸುತ್ತಾ ಕಾಫಿ ತರ್ತಾಳೆ. ಆ ಕಟ್‌ನ ಒಳಗೆ ಏನಾಯ್ತು ಅಂತ ನಿರ್ದೇಶಕರು ತೋರಿಸೋಲ್ಲ, ಸೆನ್ಸಾರಿನವರು ಬಿಡೋಲ್ಲ, ಮನೆಯ ಹಿರಿಯರು ಬಾಯಿ ತೆರೆಯೋಲ್ಲ. ಕತ್ತರಿಸಿ ಬಿಸಾಕಿದ ಆ ರೀಲನ್ನು ಹುಡುಕಿಕೊಂಡೇ ನಮ್ಮ ಹುಡುಗರು ಈ ಪುಟಕ್ಕೆ ಕಾಗದ ಬರೀತಾರೆ. ಈ ವಾರ ಬಂದ ಒಂದು ಕಾಗದ ಓದಿ ನನಗೆ ನಗು ಬರಲಿಲ್ಲ. ಅದಕ್ಕೇ ಈ ಸಲ ಮುಕ್ಕಾಲು ಜಾಗ ಅದಕ್ಕೇ ಮೀಸಲು.

● ಅಣ್ಣಾ, ನನಗೆ 26 ವರ್ಷ. ಮದುವೆಯಾಗಿ ನಾಲ್ಕು ತಿಂಗಳು. ಹೆಂಡತಿ ಒಳ್ಳೆಯವಳು, ಹಗಲೆಲ್ಲಾ ನಗ್ತಾ ಇರ್ತಾಳೆ. ಆದರೆ ರಾತ್ರಿ ಸೇರುವಾಗ ನೋವು ಅಂತ ತುಟಿ ಕಚ್ಚಿಕೊಳ್ತಾಳೆ. ಎರಡು ಸಲ ಕಣ್ಣಲ್ಲಿ ನೀರು ನೋಡಿದೆ. ಗೆಳೆಯರು ‘ಕೊಬ್ಬರಿ ಎಣ್ಣೆ ಹಚ್ಚೋ, ನಮ್ಮೂರಲ್ಲಿ ಅದಕ್ಕೇನು ಬರವಾ’ ಅಂದರು. ಹಚ್ಚಿದೆ. ಈಗಲೇ ಮಗು ಬೇಡ ಅಂತ ಕಾಂಡೋಮ್ ಹಾಕಿದ್ದೆ, ಅದು ಹರಿದೇ ಹೋಯಿತು. ಇಬ್ಬರಿಗೂ ಗಾಬರಿ. ಆಮೇಲೆ ಆಷಾಢಕ್ಕೆ ಅಂತ ತವರಿಗೆ ಹೋದಳು. ಶ್ರಾವಣ ಬಂದು ಹದಿನೈದು ದಿನವಾದರೂ ‘ಇನ್ನೂ ಸ್ವಲ್ಪ ದಿನ ಇದ್ದು ಬರ್ತೀನಿ’ ಅಂತಾಳೆ. ಅವಳಿಗೆ ನಾನು ಬೇಡವಾದೆನಾ? ಮೊಬೈಲಿನಲ್ಲಿ ನೋಡಿದರೆ ಲೂಬ್ರಿಕೆಂಟ್ ಅಂತ ನೂರೆಂಟು ಬಾಟಲಿ. ಒಂದರ ಮೇಲೆ ‘ವಾಟರ್ ಬೇಸ್ಡ್’, ಇನ್ನೊಂದರ ಮೇಲೆ ‘ಸಿಲಿಕೋನ್ ಬೇಸ್ಡ್’. ಸಿಲಿಕೋನ್ ಅಂದರೆ ಪ್ಲಾಸ್ಟಿಕ್ ಅಲ್ಲವಾ? ಯಾವುದು ತಗೊಳ್ಳಲಿ?
— ಹೆಸರು ಬೇಡ, ತಿಪಟೂರು

ತಮ್ಮಾ, ಬಾಟಲಿ ವಿಷಯ ಆಮೇಲೆ. ಮೊದಲು ಆ ಹುಡುಗಿ ವಿಷಯ.

ಅವಳಿಗೆ ಬೇಡವಾಗಿರೋದು ನೀನಲ್ಲ, ನೋವು. ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡವನು ಲೋಟ ಕಂಡರೇ ಹಿಂದೆ ಸರೀತಾನೆ, ಹಾಲಿನ ಮೇಲೆ ಸಿಟ್ಟಿದ್ದಲ್ಲ. ಹೆಣ್ಣಿನ ಮನಸ್ಸು ಹದಕ್ಕೆ ಬಂದಾಗ ಯೋನಿಯ ಒಳಗೋಡೆ ತಾನಾಗಿಯೇ ಒದ್ದೆಯಾಗುತ್ತೆ. ಅದಕ್ಕೆ ಹೊತ್ತು ಬೇಕು, ಧೈರ್ಯ ಬೇಕು. ಹೊಸ ಮನೆ, ಪಕ್ಕದ ಕೋಣೆಯಲ್ಲಿ ಅತ್ತೆ-ಮಾವ, ಕಿರುಗುಟ್ಟುವ ಮಂಚ, ಅವಸರದ ಗಂಡ... ಇಷ್ಟಿದ್ದರೆ ಎಂಥವರಿಗೂ ಒಣಗುತ್ತೆ! ಮಗುವಿಗೆ ಹಾಲೂಡಿಸುವ ತಾಯಂದಿರಿಗೆ, ಮುಟ್ಟು ನಿಂತವರಿಗೆ, ನೆಗಡಿ-ಅಲರ್ಜಿಯ ಕೆಲವು ಮಾತ್ರೆ ನುಂಗುವವರಿಗೆ ಪ್ರೀತಿ ತುಂಬಿ ತುಳುಕುತ್ತಿದ್ದರೂ ಒಣಗುತ್ತೆ. ಅದು ಪ್ರೀತಿಯ ಅಳತೆಗೋಲೂ ಅಲ್ಲ, ನಡತೆಯ ಸರ್ಟಿಫಿಕೇಟೂ ಅಲ್ಲ.

ಈಗ ಕೊಬ್ಬರಿ ಎಣ್ಣೆ ಕಥೆ. ತಿಪಟೂರಿನವನಿಗೆ ಕೊಬ್ಬರಿ ಎಣ್ಣೆ ಬೇಡ ಅಂದರೆ ಸಿಟ್ಟು ಬಂದೀತು! ತಲೆಗೆ ಹಚ್ಚು, ಒಗ್ಗರಣೆಗೆ ಹಾಕು, ಕಾಂಡೋಮಿನ ಹತ್ತಿರ ಮಾತ್ರ ತರಬೇಡ. ಕಾಂಡೋಮ್ ಆಗೋದು ಲ್ಯಾಟೆಕ್ಸ್‌ನಿಂದ, ಅಂದರೆ ರಬ್ಬರ್ ಮರದ ಹಾಲಿನಿಂದ. ಎಣ್ಣೆ ತಾಗಿದರೆ ರಬ್ಬರು ಮೆತ್ತಗಾಗಿ ಬಲ ಕಳಕೊಳ್ಳುತ್ತೆ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಿನರಲ್ ಆಯಿಲ್ ತಾಗಿ ಬರೀ 60 ಸೆಕೆಂಡಿಗೆ ಕಾಂಡೋಮಿನ ಬಲ ಸುಮಾರು 90 ಭಾಗ ಇಳಿದುಹೋಗಿತ್ತು! ಥಿಯೇಟರಿನಲ್ಲಿ ಒಂದು ಜಾಹೀರಾತು ಮುಗಿಯುವಷ್ಟರಲ್ಲಿ ರಕ್ಷಣೆಯೂ ಮುಗೀತು. ವ್ಯಾಸಲೀನು, ಬೇಬಿ ಆಯಿಲು, ಮೈಗೆ ಹಚ್ಚುವ ಲೋಷನ್ನು, ಬೆಣ್ಣೆ, ತುಪ್ಪ ಎಲ್ಲವೂ ಒಂದೇ ಗುಂಪಿನ ವಿಲನ್‌ಗಳು. ಕಣ್ಣಿಗೆ ತೂತು ಕಾಣದೇ ಇರಬಹುದು, ಆದರೆ ಒಳಗೊಳಗೇ ಕೆಲಸ ಕೆಟ್ಟಿರುತ್ತೆ.

ಕಾಂಡೋಮ್ ಹರಿದರೆ ಏನು ಮಾಡಬೇಕು? ಇದನ್ನ ಎಲ್ಲರೂ ನೆನಪಿಡಿ. ಮೆಡಿಕಲ್ ಶಾಪಿನಲ್ಲಿ ತುರ್ತು ಗರ್ಭನಿರೋಧಕ ಮಾತ್ರೆ ಸಿಗುತ್ತೆ. 72 ಗಂಟೆಯೊಳಗೆ ಹೆಂಡತಿ ಅದನ್ನು ತಗೋಬೇಕು, ಎಷ್ಟು ಬೇಗ ತಗೊಂಡರೆ ಅಷ್ಟು ಕೆಲಸ ಮಾಡುತ್ತೆ. ನಿನ್ನ ಕಾಗದ ಬರುವ ಹೊತ್ತಿಗೆ ಆ ಗಡುವು ದಾಟಿದೆ. ಅವಳಿಗೆ ಮುಟ್ಟಾಗಿದೆಯಾ ಅಂತ ಕೇಳು. ದಿನ ಮೀರಿದ್ದರೆ ಮೂತ್ರಪರೀಕ್ಷೆಯ ಕಿಟ್ ತಂದು ನೋಡಿ, ಇಬ್ಬರೂ ಸೇರಿ ಡಾಕ್ಟರ ಹತ್ತಿರ ಹೋಗಿ. ಅವಳೊಬ್ಬಳನ್ನೇ ಆ ಚಿಂತೆಯಲ್ಲಿ ಕೂರಿಸಬೇಡ. ತವರಿನಲ್ಲಿ ನಿಂತಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಇನ್ನು ನಿನ್ನ ಪ್ರಶ್ನೆ. ಸಿಲಿಕೋನ್ ಪ್ಲಾಸ್ಟಿಕ್ ಅಲ್ಲವಾ? ಅಲ್ಲ ಮಹರಾಯ. ಮರಳಿನಲ್ಲಿರೋ ಸಿಲಿಕಾನ್ ಮತ್ತು ಆಮ್ಲಜನಕ ಸರಪಳಿಯಂತೆ ಹೆಣೆದುಕೊಂಡರೆ ಆಗುವ ಪದಾರ್ಥ ಇದು. ಸರಪಳಿಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ರಬ್ಬರಿನಂತೆ ಆಗುತ್ತೆ, ಬಿಡಿಬಿಡಿಯಾಗಿ ಬಿಟ್ಟರೆ ಜಾರುವ ದ್ರವ. ಹೊಟ್ಟೆ ಉಬ್ಬರಕ್ಕೆ ನೀನು ಕುಡಿಯುವ ಗುಲಾಬಿ ಬಣ್ಣದ ಔಷಧದಲ್ಲೂ ಸಿಮೆಥಿಕೋನ್ ಅಂತ ಇದರ ನೆಂಟನೇ ಇರೋದು.

ಇನ್ನೊಂದು ತಮಾಷೆ ಕೇಳು. ಸಿಲಿಕೋನ್ ಅಂದರೆ ಹೆದರುವ ನೀನು ಆಗಲೇ ಅದನ್ನು ಬಳಸಿದ್ದೀಯ! ಕಾಂಡೋಮಿನ ಪೊಟ್ಟಣ ಹರಿದಾಗ ಬೆರಳಿಗೆ ಅಂಟುವ ಜಿಡ್ಡು ಸಾಮಾನ್ಯವಾಗಿ ಸಿಲಿಕೋನ್ ದ್ರವವೇ, ಒಂದಕ್ಕೆ ಸುಮಾರು ಅರ್ಧ ಗ್ರಾಂ. 1968ರಲ್ಲಿ ಸರ್ಕಾರ ‘ನಿರೋಧ್’ ತಂದಿತಲ್ಲ, ಅದನ್ನು ತಯಾರಿಸುವ, ಹಿಂದೆ ಹಿಂದೂಸ್ತಾನ್ ಲ್ಯಾಟೆಕ್ಸ್ ಅಂತ ಹೆಸರಿದ್ದ ಕಂಪನಿಯ ಒಂದು ಕಾರ್ಖಾನೆ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೇ ಇದೆ. (ಪುಟ್ಟಣ್ಣನವರ ಕಣಗಾಲ್ ಅಲ್ಲ ಮತ್ತೆ, ಅದು ಪಿರಿಯಾಪಟ್ಟಣದ ಕಡೆ!) ಆದರೆ ಆ ಅರ್ಧ ಗ್ರಾಂ ಎಲ್ಲರಿಗೂ ಸಾಲೋಲ್ಲ, ಅದಕ್ಕೇ ಬೇರೆ ಬಾಟಲಿ.

ಸಿಲಿಕೋನಿನ ಗುಣ ಏನು? ಲ್ಯಾಟೆಕ್ಸ್ ಕಾಂಡೋಮಿಗೆ ತೊಂದರೆ ಮಾಡೋಲ್ಲ. ಚರ್ಮ ಅದನ್ನು ಹೀರಿಕೊಳ್ಳೋಲ್ಲ, ಬೇಗ ಒಣಗೋಲ್ಲ, ಹೀಗಾಗಿ ಎರಡು-ಮೂರು ಹನಿಯಲ್ಲೇ ಬಹಳ ಹೊತ್ತು ಬರುತ್ತೆ. ನೀರಿನ ಅಂಶವೇ ಇಲ್ಲದ್ದರಿಂದ ಕೆಡದಂತೆ ಕಾಯುವ ರಾಸಾಯನಿಕ ಸಾಮಾನ್ಯವಾಗಿ ಬೇಕಾಗೋಲ್ಲ. ಉರಿ ಬರುವ ಚರ್ಮದವರಿಗೆ ಇದು ಒಳ್ಳೇದು.

ದೋಷ ಇಲ್ಲವಾ? ಇದೆ. ಬೆಲೆ ಹೆಚ್ಚು. ಬರೀ ನೀರಿಗೆ ಹೋಗೋಲ್ಲ, ಸೋಪು ಬೇಕು. ಹಾಸಿಗೆಯ ಮೇಲೆ ಕಲೆ ಬೀಳುತ್ತೆ, ಒಂದು ಹಳೇ ಟವೆಲ್ ಹಾಸಿಕೋ. ಬಚ್ಚಲ ನೆಲಕ್ಕೆ ನಾಲ್ಕು ಹನಿ ಚೆಲ್ಲಿದರೆ ಬೆಳಿಗ್ಗೆ ಮಾವನವರು ಜಾರಿ ಬಿದ್ದು ಸಂಸಾರದ ಕಥೆ ಆಸ್ಪತ್ರೆ ಸೀನಿಗೆ ಹೋದೀತು! ಹೆಂಡತಿ ಮುಟ್ಟಿನ ಕಪ್ಪು ಬಳಸುತ್ತಿದ್ದರೆ ಗಮನ ಇರಲಿ, ಅದೂ ಹೆಚ್ಚಾಗಿ ಸಿಲಿಕೋನಿನದೇ. ಒಂದು ಸಿಲಿಕೋನ್ ಇನ್ನೊಂದನ್ನು ಉಬ್ಬಿಸಿ ಕೆಡಿಸಬಹುದು. ಸಿಲಿಕೋನಿನಿಂದ ಮಾಡಿದ ಬೇರೆ ಸಾಧನಗಳಿಗೂ ಇದೇ ಮಾತು.

ವಾಟರ್ ಬೇಸ್ಡ್ ಕೆಟ್ಟದ್ದಾ? ಇಲ್ಲ. ಅಗ್ಗ, ಸುಲಭವಾಗಿ ಸಿಗುತ್ತೆ, ನೀರಿಗೇ ಹೋಗುತ್ತೆ, ಕಾಂಡೋಮಿಗೂ ಕಪ್ಪಿಗೂ ಒಗ್ಗುತ್ತೆ. ಆದರೆ ನಡುವೆಯೇ ಒಣಗುತ್ತೆ, ಮತ್ತೆ ಹಚ್ಚಬೇಕು. ಕೆಲವದರಲ್ಲಿ ಗ್ಲಿಸರಿನ್ ಜಾಸ್ತಿ ಸುರಿದು ದ್ರವವನ್ನು ಬಹಳ ಗಟ್ಟಿ ಮಾಡಿರ್ತಾರೆ. ಉಪ್ಪು ಹಾಕಿದ ಸೌತೆಕಾಯಿ ನೀರು ಬಿಡುತ್ತಲ್ಲ, ಹಾಗೆ ಒಳಚರ್ಮದ ನೀರನ್ನೇ ಅದು ಎಳೆಯುತ್ತೆ. ಇದನ್ನು ಅಳೆಯುವ ಲೆಕ್ಕಕ್ಕೆ ಆಸ್ಮೋಲಾಲಿಟಿ ಅಂತ ಹೆಸರು. ಅದು 380ರೊಳಗೆ ಇದ್ದರೆ ಉತ್ತಮ, 1200 ಮಾತ್ರ ದಾಟಬಾರದು ಅಂತ 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನೀರಿಲ್ಲದ ಸಿಲಿಕೋನಿಗೆ ಈ ತಲೆನೋವೇ ಇಲ್ಲ.

ಕೊಳ್ಳುವಾಗ ಮುಂದಿನ ಚಿತ್ರಕ್ಕೆ ಮರುಳಾಗಬೇಡ, ಬಾಟಲಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದು. ಪೋಸ್ಟರು ನೋಡಿ ಪಿಕ್ಚರ್‌ಗೆ ಹೋಗಿ ಕೈ ಸುಟ್ಟುಕೊಂಡ ಅನುಭವ ನಿನಗಿಲ್ಲವಾ!

1. ಡೈಮೆಥಿಕೋನ್, ಡೈಮೆಥಿಕೊನಾಲ್, ಸೈಕ್ಲೋಪೆಂಟಾಸಿಲೋಕ್ಸೇನ್ — ಇಂಥ ಹೆಸರುಗಳೇ ಇದ್ದರೆ ಅದು ಸಿಲಿಕೋನಿನದು. ಮೊದಲ ಹೆಸರು ಆಕ್ವಾ ಅಥವಾ ವಾಟರ್ ಆಗಿದ್ದರೆ ನೀರಿನದು. ಪೆಟ್ರೋಲೇಟಮ್, ಪ್ಯಾರಾಫಿನ್, ಯಾವುದೇ ಆಯಿಲ್ ಕಂಡರೆ ಕಾಂಡೋಮಿನ ಜೊತೆ ಬೇಡ.

2. ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೇದು. ಸ್ಟ್ರಾಬೆರಿ ವಾಸನೆ, ಬಿಸಿ ಬರಿಸುವುದು, ಜುಮ್ಮೆನಿಸುವುದು ಇವೆಲ್ಲಾ ನೋವಿರುವ ಹೆಣ್ಣಿಗೆ ಬೇಡವೇ ಬೇಡ.

3. ಕಾಂಡೋಮಿನ ಜೊತೆ ಬಳಸಬಹುದು ಅಂತ ಬರೆದಿರಬೇಕು. ತಯಾರಕರ ವಿಳಾಸ, ತಾರೀಖು ಇರಬೇಕು.

4. ಮೊದಲು ಚಿಕ್ಕ ಬಾಟಲಿ ತಗೋ. ಇಬ್ಬರೂ ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಬಿಡಿ. ಕೆಂಪಾದರೆ, ತುರಿಸಿದರೆ ಅದು ನಿಮಗಲ್ಲ.

5. ಆಮೇಲೆ ಹೊರಭಾಗ ಮಾತ್ರ ಸೌಮ್ಯ ಸೋಪಿನಿಂದ ತೊಳೆದರೆ ಸಾಕು. ಒಳಗೆ ಸೋಪು ಹಾಕಬಾರದು.

ಹಾಗಾದರೆ ನಿನಗೆ ಯಾವುದು? ಕಾಂಡೋಮ್ ಬಳಸ್ತೀಯ, ಅವಳಿಗೆ ಒಣಗಿ ನೋವಾಗುತ್ತೆ. ಅವಳು ಕಪ್ಪು ಬಳಸುತ್ತಿಲ್ಲ ಅಂದರೆ, ವಾಸನೆ-ಬಣ್ಣ ಇಲ್ಲದ ಸಾದಾ ಸಿಲಿಕೋನ್ ತಗೋ. ನನ್ನ ಓಟು ಅದಕ್ಕೇ.

ಆದರೆ ತಮ್ಮಾ, ಬಾಟಲಿ ಜೇಬಿನಲ್ಲಿಟ್ಟುಕೊಂಡು ಮಾವನ ಮನೆಗೆ ಓಡಬೇಡ! ಬರಿಗೈಲಿ ಹೋಗು, ಬೇಕಾದರೆ ಒಂದು ಮೊಳ ಮಲ್ಲಿಗೆ ಇರಲಿ. ‘ನಿನಗೆ ನೋವಾಗ್ತಿತ್ತು, ನಾನು ಕೇಳಲೇ ಇಲ್ಲ, ತಪ್ಪಾಯ್ತು. ನೀನು ಹೇಳೋವರೆಗೂ ಅವಸರ ಇಲ್ಲ’ ಅನ್ನು. ಆ ಮಾತು ಯಾವ ಬಾಟಲಿಯಲ್ಲೂ ಸಿಗೋಲ್ಲ. ಅವಳು ಬಂದ ಮೇಲೆ ಲೇಬಲ್ ಇಬ್ಬರೂ ಕೂತು ಓದಿ. ಅವಳ ಕೈಗೇ ಬಾಟಲಿ ಕೊಡು, ಎಷ್ಟು, ಯಾವಾಗ ಅನ್ನೋದು ಅವಳೇ ಹೇಳಲಿ. ಬೇಡ ಅಂದ ರಾತ್ರಿ ಬೇಡ. ಅಷ್ಟಾಗಿಯೂ ನೋವಿದ್ದರೆ, ಉರಿ, ದುರ್ವಾಸನೆ, ರಕ್ತ ಇದ್ದರೆ, ಅಥವಾ ಮುಟ್ಟಿದರೇ ಮೈ ಬಿಗಿಯಾಗಿ ಮುಚ್ಚಿಕೊಂಡರೆ, ಹೆರಿಗೆ-ಸ್ತ್ರೀರೋಗದ ಡಾಕ್ಟರಿಗೆ ತೋರಿಸಿ. ಅದಕ್ಕೆ ಚಿಕಿತ್ಸೆ ಇದೆ. ಜಾರುವ ದ್ರವ ಒಣಗಿದ್ದಕ್ಕೆ ಮದ್ದೇ ಹೊರತು ಸೋಂಕಿಗಲ್ಲ, ಭಯಕ್ಕಂತೂ ಅಲ್ಲವೇ ಅಲ್ಲ.

ಉಳಿದ ಕಾಗದಗಳಿಗೆ ಚುಟುಕಾಗಿ:

● ಗ್ಯಾರೇಜಿನಲ್ಲಿ ಸಿಲಿಕೋನ್ ಸ್ಪ್ರೇ ಇದೆ. ಅದನ್ನೇ ಬಳಸಿದರೆ ಆಗೋದಿಲ್ಲೇನ್ರಿ? — ಹುಬ್ಬಳ್ಳಿ
ನೀವೇನು ಬುಲೆಟ್ ಬೈಕಾ? ಅದರಲ್ಲಿ ಬೇರೆ ದ್ರಾವಕ, ಅನಿಲ ಎಲ್ಲಾ ಇರುತ್ತೆ, ಒಳಚರ್ಮ ಸುಟ್ಟೀತು. ಕೂದಲಿಗೆ ಹಾಕುವ ಸೀರಮ್ಮೂ ಬೇಡ, ಡೈಮೆಥಿಕೋನ್ ಇದ್ದರೂ ಜೊತೆಗೆ ಸುಗಂಧ ಇರುತ್ತೆ. ಮೈಯೊಳಗೆ ಬಳಸಲೆಂದೇ ಮಾಡಿದ್ದನ್ನೇ ತಗೊಳ್ಳಿ.

● ಮರಗಟ್ಟಿಸುವ ಸ್ಪ್ರೇ ಹಾಕಿದರೆ ನೋವೇ ಗೊತ್ತಾಗೋಲ್ಲವಂತೆ? — ಮಂಡ್ಯ
ಮನೆಗೆ ಬೆಂಕಿ ಬಿದ್ದಾಗ ಗಂಟೆ ಬಡಿಯೋವನ ಬಾಯಿ ಕಟ್ಟಿದ ಹಾಗೆ! ಗಾಯವಾದರೂ ತಿಳಿಯೋಲ್ಲ. ಬೇಡ.

● ಎಂಜಲು ಸಾಕಲ್ಲವಾ ಅಣ್ಣ, ಪುಕ್ಕಟೆ? — ಕೋಲಾರ
ನಿಮಿಷದಲ್ಲಿ ಒಣಗುತ್ತೆ, ಬಾಯಿಯ ರೋಗಾಣುವನ್ನೂ ದಾಟಿಸುತ್ತೆ. ಪುಕ್ಕಟೆ ಟಿಕೆಟ್ಟಿನಲ್ಲಿ ಸೀಟು ಸಿಗೋಲ್ಲ ತಮ್ಮಾ.

● ನಾವು ಮಗುವಿಗೆ ಪ್ರಯತ್ನ ಮಾಡ್ತಾ ಇದ್ದೀವಿ. — ಶಿವಮೊಗ್ಗ
ಎಂಜಲೂ ಸೇರಿ ಹಲವು ಲೂಬ್ರಿಕೆಂಟ್‌ಗಳು ವೀರ್ಯಾಣುವಿನ ಓಟಕ್ಕೆ ಅಡ್ಡಿ. ಹಾಗಂತ ಅವು ಗರ್ಭನಿರೋಧಕವೂ ಅಲ್ಲ! ವೀರ್ಯಾಣುವಿಗೆ ಹಾನಿಯಿಲ್ಲದ್ದು ಯಾವುದು ಅಂತ ಡಾಕ್ಟರನ್ನು ಕೇಳಿ.

● ನಾನೂ ನನ್ನ ಗೆಳೆಯನೂ ಜೊತೆಗಿದ್ದೇವೆ. ನಮಗೂ ಈ ಪುಟದಲ್ಲಿ ಜಾಗ ಇದೆಯಾ? — ಬೆಂಗಳೂರು
ಯಾಕಿಲ್ಲ? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟೇ ಜಾಗ ಕೊಟ್ಟಾಯ್ತು. ಗುದದಲ್ಲಿ ಯೋನಿಯಂತೆ ತಾನಾಗಿ ಒದ್ದೆಯಾಗುವುದಿಲ್ಲ, ಹೀಗಾಗಿ ನಿಮಗೆ ಲೂಬ್ರಿಕೆಂಟ್ ಬೇಕೇ ಬೇಕು. ಬಹಳ ಹೊತ್ತು ಬರುವ ಸಿಲಿಕೋನ್ ಒಳ್ಳೆಯ ಆಯ್ಕೆ. ಜೊತೆಗೆ ಕಾಂಡೋಮ್. ಎಣ್ಣೆಯೂ ಬೇಡ, ಮರಗಟ್ಟಿಸುವುದೂ ಬೇಡ.

● ಅಂಗಡಿಯಲ್ಲಿ ಕೇಳೋಕೆ ನಾಚಿಕೆ. — ಗದಗ
ಚೀಟಿಯಲ್ಲಿ ಬರೆದು ಕೊಡು, ಅಂಗಡಿಯವನು ದಿನಕ್ಕೆ ಹತ್ತು ಇಂಥ ಚೀಟಿ ನೋಡ್ತಾನೆ. ಬ್ಲ್ಯಾಕಿನಲ್ಲಿ ಟಿಕೆಟ್ ಕೇಳೋಕೆ ಇಲ್ಲದ ನಾಚಿಕೆ ಇಲ್ಲೇಕೆ?

● ಹೆಂಗಸರಿಗೂ ಆಸೆ ಇರುತ್ತಾ ಅಣ್ಣ? — ಚಿತ್ರದುರ್ಗ
1973ರಲ್ಲೇ ಪುಟ್ಟಣ್ಣನವರು ‘ಎಡಕಲ್ಲು ಗುಡ್ಡದ ಮೇಲೆ’ ಮಾಡಿ ಇದಕ್ಕೆ ಉತ್ತರ ಹೇಳಿದ್ದಾರೆ. ಹೋಗಿ ನೋಡು, ಆಮೇಲೆ ನನಗಲ್ಲ, ಹೆಂಡತಿಗೆ ಕೇಳು.

ತಿಪಟೂರಿನ ತಮ್ಮಾ, ಗೌರಿಹಬ್ಬದೊಳಗೆ ಒಂದು ಸಾಲು ಬರಿ. ಬಾಟಲಿ ಯಾವುದು ತಗೊಂಡೆ ಅಂತ ಅಲ್ಲ, ಅವಳು ನಗ್ತಾ ಬಂದಳಾ ಅಂತ. ಮುಂದಿನ ವಾರ ಸಿಗೋಣ.