ಅಂಕಿತವಿಲ್ಲದ ಹಾಡು: ಮನೆಯ ಸಂಗೀತ ಸರ್ವರ್ ಮತ್ತು ಕವಿಯ ಹೆಸರು

ಭಾವಗೀತೆ, ವಚನಗಾಯನ, ದಾಸರ ಪದ, ತತ್ವಪದಗಳ ಸಿ.ಡಿ.ಗಳನ್ನು ಜತನದಿಂದ ಕೂಡಿಟ್ಟುಕೊಂಡಿರುವ ಕನ್ನಡ ಅಧ್ಯಾಪಕರು ಇಂದಿಗೂ ಕಡಿಮೆಯೇನಿಲ್ಲ. ತರಗತಿಯಲ್ಲಿ ಬೋಧಿಸುವ ಕವಿತೆಯ ಹಾಡಿಕೆಯನ್ನು ವಿದ್ಯಾರ್ಥಿಗಳಿಗೆ ಕೇಳಿಸಬೇಕೆಂಬ ಆಸೆಯಿಂದ ಕೊಂಡವು ಅವುಗಳಲ್ಲಿ ಹಲವು. ಈಗ ಮಾರಾಟಕ್ಕೆ ಬರುವ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಓದುವ ಸಾಧನವೇ ಇರುವುದಿಲ್ಲ. ಹೀಗಾಗಿ ಹೊರಗಿನಿಂದ ಜೋಡಿಸುವ ಡ್ರೈವ್ ಒಂದನ್ನು ಕೊಂಡು, ಸಿ.ಡಿ.ಯಲ್ಲಿರುವ ಧ್ವನಿಯನ್ನು ಕಡತಗಳಾಗಿ ಇಳಿಸಿಕೊಂಡು, ಅವನ್ನು ಮನೆಯಲ್ಲಿನ ಸಣ್ಣ ಸರ್ವರಿನಲ್ಲಿಟ್ಟು ಬೇಕಾದ ಕೋಣೆಯಲ್ಲಿ ಬೇಕಾದ ಹಾಡನ್ನು ಕೇಳುವ ಪದ್ಧತಿ ಬೆಳೆದಿದೆ. ಈ ಇಳಿಸುವ ಕೆಲಸಕ್ಕೆ ರಿಪ್ಪಿಂಗ್ ಎಂಬ ಹೆಸರು ರೂಢಿಯಲ್ಲಿದೆ. ಮೇಲುನೋಟಕ್ಕೆ ಇದು ಮನೆವಾರ್ತೆಯ ಸಂಗತಿ. ಕನ್ನಡ ಸಂಶೋಧನೆಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧವಿದೆ. ಈ ಸ್ಥಳಾಂತರದಲ್ಲಿ ಎಲ್ಲರಿಗಿಂತ ಮೊದಲು ಕಳೆದುಹೋಗುವವನು ಕವಿ.

1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಮಾರುಕಟ್ಟೆಗೆ ತಂದ ಧ್ವನಿ ಸಿ.ಡಿ.ಯ ರಚನೆಯಲ್ಲಿಯೇ ಇದರ ಕಾರಣ ಅಡಗಿದೆ. ಅದರಲ್ಲಿ ಒಂದು ಸೆಕೆಂಡಿಗೆ 44,100 ಬಾರಿ ಅಳೆದ ಧ್ವನಿಯ ಮೌಲ್ಯಗಳಿವೆ, ಪ್ರತಿ ಹಾಡು ಎಲ್ಲಿ ಆರಂಭವಾಗುತ್ತದೆಂಬ ಸಂಖ್ಯೆಗಳ ಪಟ್ಟಿಯಿದೆ. ಹಾಡಿನ ಹೆಸರಾಗಲಿ, ಹಾಡಿದವರ ಹೆಸರಾಗಲಿ ಇರಬೇಕೆಂಬ ನಿಯಮವಿಲ್ಲ. ಹೆಸರುಗಳನ್ನು ಸೇರಿಸುವ ಅವಕಾಶ ಆಮೇಲೆ ಬಂದರೂ ಅದನ್ನು ಬಳಸಿದ ಪ್ರಕಾಶಕರು ವಿರಳ. ಹಾಗಿದ್ದರೆ ರಿಪ್ಪಿಂಗ್ ಮಾಡುವಾಗ ತೆರೆಯ ಮೇಲೆ ತಾನಾಗಿ ಮೂಡುವ ಹೆಸರುಗಳು ಎಲ್ಲಿಂದ ಬರುತ್ತವೆ? ಹಾಡುಗಳ ಆರಂಭಸ್ಥಾನ ಮತ್ತು ಒಟ್ಟು ಅವಧಿಯಿಂದ ತಂತ್ರಾಂಶವು ಒಂದು ಗುರುತುಸಂಖ್ಯೆಯನ್ನು ಲೆಕ್ಕಹಾಕಿ, ಅಂತರಜಾಲದ ದತ್ತಸಂಚಯದಲ್ಲಿ ಅದೇ ಸಂಖ್ಯೆಯ ಎದುರಿಗೆ ಯಾರೋ ಕೇಳುಗರು ಹಿಂದೆಂದೋ ಬೆರಳಚ್ಚಿಸಿಟ್ಟದ್ದನ್ನು ತಂದು ತೋರಿಸುತ್ತದೆ. 1990ರ ದಶಕದಲ್ಲಿ ಸಿಡಿಡಿಬಿ ಆರಂಭಿಸಿದ ಕ್ರಮವಿದು. ಅದೇ ಮಾದರಿಯ ಫ್ರೀಡಿಬಿ 2020ರಲ್ಲಿ ನಿಂತುಹೋಯಿತು, ಮ್ಯೂಸಿಕ್‌ಬ್ರೈನ್ಜ್ ಮುಂದುವರಿದಿದೆ. ಕನ್ನಡ ಸಿ.ಡಿ.ಗಳ ಮಟ್ಟಿಗೆ ಅಲ್ಲಿ ದೊರೆಯುವುದು ಅನೇಕ ವೇಳೆ ಏನೂ ಇಲ್ಲ; ದೊರೆತರೆ, ರೋಮನ್ ಲಿಪಿಯಲ್ಲಿ ತೋಚಿದಂತೆ ಬರೆದ ಮೊದಲ ಸಾಲಿನ ತುಣುಕು ಮತ್ತು ಗಾಯಕರ ಹೆಸರು.

ಈ ವ್ಯವಸ್ಥೆಯನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಪಾಶ್ಚಾತ್ಯ ಜನಪ್ರಿಯ ಸಂಗೀತ. ಅಲ್ಲಿ ಹಾಡು ಹಾಡಿದವರದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರು ತಕರಾರು ಮಾಡಿದ್ದರಿಂದ ಸ್ವರಸಂಯೋಜಕನಿಗೂ ಒಂದು ಅಂಕಣ ಸಿಕ್ಕಿತು. ಪದ ಬರೆದವನಿಗೆ ಸ್ಥಳವೇ ಇಲ್ಲವೆಂದಲ್ಲ: 1998ರ ಐಡಿ3 ಎರಡನೆಯ ಆವೃತ್ತಿಯಲ್ಲಿ ಗೀತರಚನಕಾರರಿಗೆ ಮೀಸಲಾದ ಅಂಕಣವಿದೆ; ಫ್ಲಾಕ್ ಕಡತಗಳಲ್ಲಿಯಂತೂ ಬೇಕಾದ ಹೆಸರಿನ ಅಂಕಣವನ್ನು ನಾವೇ ಸೃಷ್ಟಿಸಿಕೊಳ್ಳಬಹುದು. ಆದರೆ ಸರ್ವರ್ ತಂತ್ರಾಂಶಗಳ ಮೊದಲ ಪುಟದಲ್ಲಿ ಕಲಾವಿದರು, ಆಲ್ಬಂ, ಪ್ರಕಾರ, ವರ್ಷ ಎಂಬ ಬಾಗಿಲುಗಳು ಸಾಮಾನ್ಯವಾಗಿ ಕಾಣುತ್ತವೆ. ಕವಿ ಎಂಬ ಬಾಗಿಲನ್ನು ಬಳಕೆದಾರನೇ ಹುಡುಕಿ ತೆರೆದುಕೊಳ್ಳಬೇಕು. ತುಂಬದ ಅಂಕಣವನ್ನು ತೆರೆದು ಪ್ರಯೋಜನವೂ ಇಲ್ಲ.

ಇಲ್ಲಿ ಕನ್ನಡ ಕಾವ್ಯದ ಚರಿತ್ರೆಯೇ ಒಂದು ಕುತೂಹಲದ ಸಂಗತಿಯನ್ನು ಮುಂದಿಡುತ್ತದೆ. ಹಾಡುವುದಕ್ಕೆಂದೇ ಹುಟ್ಟಿದ ನಮ್ಮ ಹಳೆಯ ರಚನೆಗಳು ಕರ್ತೃವಿನ ಗುರುತನ್ನು ತಮ್ಮ ಒಡಲಲ್ಲಿಯೇ ಹೊತ್ತುಕೊಂಡಿವೆ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಶಿಶುನಾಳಧೀಶ ಎಂಬ ಅಂಕಿತಗಳು ಹಾಡಿನ ಭಾಗವೇ ಆಗಿರುವುದರಿಂದ ಅವನ್ನು ಕಳಚಿಡಲು ಯಾವ ಯಂತ್ರದಿಂದಲೂ ಆಗದು. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನದ ಕಡತಕ್ಕೆ ಬರಿಯ 'ಟ್ರ್ಯಾಕ್ 03' ಎಂದು ಹೆಸರಿದ್ದರೂ ಕೊನೆಯತನಕ ಕೇಳಿದವರಿಗೆ ವಚನಕಾರರ ಗುರುತು ಸಿಗುತ್ತದೆ. ಅಂಕಿತಗಳ ಪ್ರಕ್ಷೇಪ, ಪಲ್ಲಟಗಳ ಪ್ರಶ್ನೆ ಬೇರೆ. ಅದು ಸಂಪಾದಕರಿಗೆ ಬಿಟ್ಟದ್ದು. ನವೋದಯದ ಭಾವಗೀತೆಯಾದರೋ ಅಚ್ಚಿನ ಯುಗದ ಶಿಶು. ಮುಖಪುಟದ ಮೇಲೆ ಹೆಸರು ಅಚ್ಚಾಗುತ್ತಿದ್ದುದರಿಂದ ಕವಿಗೆ ಅಂಕಿತದ ಅಗತ್ಯ ಬೀಳಲಿಲ್ಲ. ಆ ಕವಿತೆ ಪುಸ್ತಕದಿಂದ ಗಾನಕ್ಕೆ ಬಂದಾಗ ಮುಖಪುಟದ ಕೆಲಸವನ್ನು ಮಾಡಿದ್ದು ಧ್ವನಿಸುರುಳಿಯ, ಅನಂತರ ಸಿ.ಡಿ.ಯ ಹೊದಿಕೆ. ರಿಪ್ಪಿಂಗ್ ಆದ ಮೇಲೆ ಹೊದಿಕೆ ಅಟ್ಟಕ್ಕೆ ಹೋಗುತ್ತದೆ, ಹಾಡು ಸರ್ವರಿಗೆ ಬರುತ್ತದೆ. ಮೊದಲ ಗರಿ ಮತ್ತು ಕೊನೆಯ ಗರಿ ಕಳೆದುಹೋದ ಓಲೆಪ್ರತಿಯ ಸ್ಥಿತಿ ಇದಕ್ಕಿಂತ ಭಿನ್ನವಲ್ಲ.

ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದಾಗ, ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿಯೆಂಬ ಹೆಸರು ಪಡೆಯಿತು. ಅಂದು ಕವಿಯ ಹೆಸರೇ ಅದರ ಆಕರ್ಷಣೆಯಾಗಿತ್ತು. ಸುಗಮ ಸಂಗೀತವೆಂಬ ಪ್ರಕಾರ ಕನ್ನಡದಲ್ಲಿ ಬೆಳೆದದ್ದೇ ಕವಿಯ ಬೆನ್ನುಹತ್ತಿ ಎಂಬುದನ್ನು ನೆನೆದರೆ, ಅದೇ ಪ್ರಕಾರ ಇಂದು ಕವಿಯಿಲ್ಲದ ಪಟ್ಟಿಯಾಗಿ ಉಳಿಯುತ್ತಿರುವುದು ವಿಷಾದದ ಸಂಗತಿ.

'ಮೈಸೂರು ಮಲ್ಲಿಗೆ' ಎಂಬ ಹೆಸರನ್ನೇ ಗಮನಿಸಬಹುದು. ಅದು 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ಕವನ ಸಂಕಲನ, ಸಿ. ಅಶ್ವಥ್ ಅವರ ರಾಗಸಂಯೋಜನೆಯ ಧ್ವನಿಮುದ್ರಿಕೆ, ಟಿ.ಎಸ್. ನಾಗಾಭರಣ ನಿರ್ದೇಶಿಸಿದ, ಅಶ್ವಥ್ ಅವರೇ ಸಂಗೀತ ನೀಡಿದ 1992ರ ಚಲನಚಿತ್ರ. ಆಲ್ಬಂ ಹೆಸರನ್ನೇ ಆಧಾರವಾಗಿಟ್ಟುಕೊಂಡು ವರ್ಗೀಕರಿಸುವ ಸರ್ವರಿನಲ್ಲಿ ಧ್ವನಿಮುದ್ರಿಕೆಯೂ ಚಿತ್ರದ ಹಾಡುಗಳೂ ಒಂದೇ ಗಂಟಿನಲ್ಲಿ ಬೆರೆಯುವ ಸಂಭವವುಂಟು. ಕವಿಯ ಹೆಸರನ್ನು ಬರೆದವರಲ್ಲಿಯೂ ಒಬ್ಬರು ಕೆ.ಎಸ್.ನ. ಎಂದು, ಇನ್ನೊಬ್ಬರು ಪೂರ್ಣನಾಮವನ್ನು, ಮತ್ತೊಬ್ಬರು ರೋಮನ್ ಲಿಪಿಯಲ್ಲಿ ಚುಕ್ಕೆಗಳಿಲ್ಲದೆ ಬರೆದಿದ್ದರೆ ಯಂತ್ರದ ಲೆಕ್ಕಕ್ಕೆ ಮೂವರು ಕವಿಗಳಾದರು. ಬೇಂದ್ರೆ ಮತ್ತು ಅಂಬಿಕಾತನಯದತ್ತರ ಗತಿಯೂ ಇದೇ. ಲಿಪಿಯ ತೊಡಕು ಇನ್ನೊಂದು. 1996ರ ಹಳೆಯ ಐಡಿ3 ಪದ್ಧತಿಯಲ್ಲಿ ಹೆಸರಿಗೆ ದೊರೆಯುತ್ತಿದ್ದುದು 30 ಬೈಟ್ ಮಾತ್ರ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, 'ಕೆ.ಎಸ್. ನರಸಿಂಹಸ್ವಾಮಿ' ಎಂದು ಬರೆಯಲು 54 ಬೈಟ್ ಆಗುತ್ತದೆ. ಆ ಕಾಲದಲ್ಲಿ ಕನ್ನಡವನ್ನು ಕೈಬಿಟ್ಟವರನ್ನು ದೂರುವಂತಿಲ್ಲ. ಇಂದು ಆ ಮಿತಿಯಿಲ್ಲ; ಅಭ್ಯಾಸ ಮಾತ್ರ ಉಳಿದಿದೆ.

ಪಠ್ಯದ ಪ್ರಶ್ನೆ ಇನ್ನೂ ಗಂಭೀರವಾದುದು. ನಿಮಿಷಕ್ಕೆ 78 ಸುತ್ತಿನ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಪಿ. ಕಾಳಿಂಗರಾಯರ ಕಾಲದ ಗಾಯಕರು ದೀರ್ಘ ಕವಿತೆಯ ಎಲ್ಲ ನುಡಿಗಳನ್ನೂ ಅದರಲ್ಲಿ ಅಡಗಿಸುವುದು ಶಕ್ಯವಿರಲಿಲ್ಲ. ಆ ಮುದ್ರಣಗಳೇ ಮುಂದೆ ಸಿ.ಡಿ.ಗೆ ಬಂದಾಗ ಬಿಟ್ಟ ನುಡಿಗಳು ಮರಳಿ ಸೇರಲಿಲ್ಲ. ಹಾಡಿನಿಂದ ಕವಿತೆಯನ್ನು ಬಲ್ಲ ಓದುಗರ ಮಟ್ಟಿಗೆ ಆ ಸಂಕ್ಷಿಪ್ತ ಪಾಠವೇ ಮೂಲಪಾಠ. ಪುಸ್ತಕದಲ್ಲಿ ಕವಿತೆಗೆ ಒಂದು ಶೀರ್ಷಿಕೆ, ಸಿ.ಡಿ.ಯಲ್ಲಿ ಮೊದಲ ಸಾಲೇ ಶೀರ್ಷಿಕೆ; ಸಂಬಂಧ ಕಲ್ಪಿಸುವವರಿಲ್ಲದಿದ್ದರೆ ಸಮಗ್ರ ಕಾವ್ಯ ಕೈಯಲ್ಲಿದ್ದರೂ ವಿದ್ಯಾರ್ಥಿ ಪರಿವಿಡಿಯಲ್ಲಿ ತಡಕಾಡಬೇಕು. ಒಂದೇ ಕವಿತೆಗೆ ಎರಡು ಧಾಟಿಗಳಿದ್ದಾಗಲಂತೂ ಯಾವುದು ಯಾರದೆಂಬ ದಾಖಲೆ ಅತ್ಯಗತ್ಯ. 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಕುವೆಂಪು ಅವರ ಗೀತೆಯ ಧಾಟಿಯ ಬಗ್ಗೆ ದೀರ್ಘ ಚರ್ಚೆ ನಡೆದು, ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಸರ್ಕಾರ ನಿಗದಿಪಡಿಸಿದ್ದು 2022ರಲ್ಲಿ. ಶೀರ್ಷಿಕೆಯನ್ನಷ್ಟೇ ನೋಡಿ ನಕಲು ಕಡತಗಳನ್ನು ಹುಡುಕುವ ತಂತ್ರಾಂಶಕ್ಕೆ ಅನಂತಸ್ವಾಮಿಯವರ ಧಾಟಿಯೂ ಅಶ್ವಥ್ ಅವರ ಧಾಟಿಯೂ ಒಂದೇ. ಒಂದನ್ನು ಅಳಿಸೋಣವೇ ಎಂದು ಕೇಳುತ್ತದೆ.

ಜಾನಪದ ಸಿ.ಡಿ.ಗಳಲ್ಲಿ ನಷ್ಟ ತಿರುವುಮುರುವಾಗಿದೆ. ಅಲ್ಲಿ ಕಲಾವಿದರ ಅಂಕಣದಲ್ಲಿ 'ಜಾನಪದ' ಎಂದು ಬರೆದು ಹಾಡುಗಾರ್ತಿಯ ಹೆಸರನ್ನೂ ಊರನ್ನೂ ಬಿಡುವುದು ರೂಢಿ. ಅದು ಪ್ರತ್ಯೇಕ ಚರ್ಚೆಯನ್ನು ಬೇಡುತ್ತದೆ.

ಇದು ತಂತ್ರಜ್ಞರ ಅಥವಾ ಗ್ರಂಥಪಾಲಕರ ಕೆಲಸ, ಸಾಹಿತ್ಯದವರದಲ್ಲ ಎಂಬ ಆಕ್ಷೇಪ ಸಹಜ. ಆದರೆ 1907ರಲ್ಲಿ ಮೊದಲ ಸಂಪುಟ ಹೊರಬಂದ 'ಕರ್ಣಾಟಕ ಕವಿಚರಿತೆ'ಗಾಗಿ ಆರ್. ನರಸಿಂಹಾಚಾರ್ಯರು ಮಾಡಿದ್ದೇನು? ಯಾವ ಕೃತಿ ಯಾರದು, ಯಾವ ಕಾಲದ್ದು ಎಂಬುದನ್ನು ಪ್ರತಿಗಳ ಆದ್ಯಂತಗಳಿಂದ ನಿರ್ಣಯಿಸಿದ್ದಲ್ಲವೇ? ರಿಪ್ಪಿಂಗ್‌ನ ತಾಂತ್ರಿಕ ಭಾಗವೂ ಗ್ರಂಥಸಂಪಾದನೆಯ ಶಿಸ್ತಿಗೆ ಅಪರಿಚಿತವಲ್ಲ. ಗೀರು ಬಿದ್ದ ಸಿ.ಡಿ.ಯನ್ನು ನುಡಿಸುವಾಗ ಸಾಧನವು ಓದಲಾಗದ ಭಾಗವನ್ನು ಅಕ್ಕಪಕ್ಕದ ಮೌಲ್ಯಗಳಿಂದ ಊಹಿಸಿ ತುಂಬಿಬಿಡುತ್ತದೆ; ಕಿವಿಗೆ ಲೋಪ ತಿಳಿಯದು. ಲಿಪಿಕಾರನು ಹುಳು ತಿಂದ ಅಕ್ಷರವನ್ನು ತಾನೇ ಕಲ್ಪಿಸಿ ಬರೆದಂತೆ ಇದು. ಅದೇ ಭಾಗವನ್ನು ಮತ್ತೆ ಮತ್ತೆ ಓದಿ ಹೋಲಿಸಿ, ಹೊಂದದಿದ್ದಲ್ಲಿ ವರದಿ ಬರೆದಿಡುವ ಎಗ್ಸಾಕ್ಟ್ ಆಡಿಯೋ ಕಾಪಿಯಂತಹ ತಂತ್ರಾಂಶಗಳಿವೆ. ಸಂಶೋಧಕರು ಬಳಸಬೇಕಾದದ್ದು ಅವನ್ನು. ಕಡತವೂ ನಷ್ಟರಹಿತವಾದ ಫ್ಲಾಕ್ ಆಗಿರಬೇಕು. ಒಂದು ಗಂಟೆಯ ಸಿ.ಡಿ.ಯಲ್ಲಿ ಸುಮಾರು 635 ಎಂ.ಬಿ. ಧ್ವನಿಯಿದ್ದರೆ ಫ್ಲಾಕ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಏನನ್ನೂ ಕಳೆಯದೆ. 2000ರ ದಶಕದಲ್ಲಿ ಒಂದೇ ತಟ್ಟೆಯಲ್ಲಿ ನೂರಾರು ಹಾಡು ತುಂಬಿ ಮಾರಿದ ಎಂಪಿ3 ಸಿ.ಡಿ.ಗಳಿಂದ ಫ್ಲಾಕ್ ಮಾಡಿಕೊಳ್ಳುವುದು ಮಾತ್ರ ವ್ಯರ್ಥ. ಹೋದದ್ದು ಅಲ್ಲಿಯೇ ಹೋಗಿದೆ.

ಕಾನೂನಿನ ಅಂಜಿಕೆಯನ್ನು ಮುಂದಿಡುವವರೂ ಇದ್ದಾರೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಆದ ತಿದ್ದುಪಡಿಯು, ಕಂಪ್ಯೂಟರ್ ಪ್ರೋಗ್ರಾಮನ್ನು ಬಿಟ್ಟು ಯಾವುದೇ ಕೃತಿಯನ್ನು ಸಂಶೋಧನೆಯೂ ಸೇರಿದಂತೆ ಖಾಸಗಿ ಉಪಯೋಗಕ್ಕೆ ನ್ಯಾಯೋಚಿತವಾಗಿ ಬಳಸಲು 52ನೆಯ ಪ್ರಕರಣದಲ್ಲಿ ಅವಕಾಶ ಕಲ್ಪಿಸಿದೆ. ಗ್ರಂಥಾಲಯಗಳ ವಿಷಯದಲ್ಲಿ ಅದೇ ಪ್ರಕರಣ ಹೇಳುವುದು ವಿಚಿತ್ರವಾಗಿದೆ: ಡಿಜಿಟಲ್ ಅಲ್ಲದ ಪ್ರತಿಯನ್ನು ಹೊಂದಿರುವ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಅದನ್ನು ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದು. ಧ್ವನಿಸುರುಳಿಗೆ ಇದು ಅನ್ವಯಿಸುತ್ತದೆ. ಸಿ.ಡಿ. ಹುಟ್ಟಿನಿಂದಲೇ ಡಿಜಿಟಲ್ ಆದುದರಿಂದ ಅದರ ವಿಷಯ ಸಂದಿಗ್ಧ. ಸಂಶೋಧಕರ ಖಾಸಗಿ ಸಂಗ್ರಹಗಳಿಗೆ ಇದರಿಂದಾಗಿ ಹೆಚ್ಚಿನ ಹೊಣೆ ಬಂದಿದೆ. ಅವರು ಧ್ವನಿಯನ್ನು ಹಂಚಬೇಕಾಗಿಲ್ಲ, ಹಂಚಬೇಕಾದದ್ದು ವಿವರಗಳನ್ನು.

ಕನ್ನಡ ವಿಭಾಗವೊಂದು ತನ್ನ ಎಂ.ಎ. ಅಥವಾ ಎಂ.ಫಿಲ್. ಹಂತದ ಹಳೆಯ ಪ್ರಬಂಧಗಳನ್ನು ತಿರುವಿ ನೋಡಿದರೆ ಕವಿಗಳ ಗ್ರಂಥಸೂಚಿಗಳು ಸಿಗುತ್ತವೆ. ಒಬ್ಬ ಕವಿಯ ಧ್ವನಿಸೂಚಿ ಸಿಗುವುದು ಅಪರೂಪ. ಆರಂಭಕ್ಕೆ ಒಬ್ಬನೇ ಕವಿ ಸಾಕು. ಪ್ರತಿ ಹಾಡಿಗೂ ಕವಿಯ ಹೆಸರು ಒಪ್ಪಿತವಾದ ಒಂದೇ ರೂಪದಲ್ಲಿ, ಸಂಕಲನ, ಅಲ್ಲಿನ ಶೀರ್ಷಿಕೆ, ಹಾಡಿನ ಮೊದಲ ಸಾಲು, ರಾಗ ಸಂಯೋಜಿಸಿದವರು, ಹಾಡಿದವರು, ಪ್ರಕಾಶಕರ ಹೆಸರು ಮತ್ತು ಸಿ.ಡಿ.ಯ ಕ್ರಮಸಂಖ್ಯೆ, ಬಿಟ್ಟುಹೋದ ನುಡಿಗಳು – ಇಷ್ಟನ್ನು ಕನ್ನಡ ಲಿಪಿಯಲ್ಲಿ ಯೂನಿಕೋಡ್‌ನಲ್ಲಿಯೇ ತುಂಬಬೇಕು. ನುಡಿ, ಬರಹಗಳ ಹಳೆಯ ಫಾಂಟ್ ಸಂಕೇತದಲ್ಲಿ ಬರೆದರೆ ಸರ್ವರಿನ ತೆರೆಯಲ್ಲಿ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ಹೊದಿಕೆಯ ಎಲ್ಲ ಪುಟಗಳ ಸ್ಕ್ಯಾನ್ ಚಿತ್ರಗಳು ಅದೇ ಕಡತಕೋಶದಲ್ಲಿರಲಿ, ಎರಡನೆಯ ಡಿಸ್ಕಿನಲ್ಲಿ ಇನ್ನೊಂದು ಪ್ರತಿಯಿರಲಿ. ಹೊದಿಕೆಯಲ್ಲಿಯೂ ಕವಿಯ ಹೆಸರಿಲ್ಲದ ಸಿ.ಡಿ.ಗಳಿವೆ, ಅಂಥವನ್ನು ಸಂಕಲನಗಳೊಡನೆ ಕುಳಿತು ಸಾಲುಸಾಲಾಗಿ ಹೊಂದಿಸಿ ನೋಡುವುದೊಂದೇ ದಾರಿ, ಮತ್ತು ಅದನ್ನು ಮಾಡಬಲ್ಲವರು ಕವಿತೆಯನ್ನು ಓದಿದವರು.