ಹಮಾಲನ ಬೆನ್ನಿನ ಲೆಕ್ಕ

ಸನ್ನೆಗೋಲಿನ ಪಾಠವನ್ನು ಪರೀಕ್ಷೆಗೆಂದು ಉರು ಹೊಡೆಯುವ ವಿದ್ಯಾರ್ಥಿಗಳೇ, ಒಮ್ಮೆ ಎ.ಪಿ.ಎಂ.ಸಿ. ಯಾರ್ಡಿನ ಹಮಾಲರನ್ನು ಗಮನಿಸಿ. ಬಗ್ಗಿ ಮೂಟೆ ಎತ್ತುವಾಗ ಸೊಂಟದ ಕಶೇರುವೇ ಆಧಾರ ಬಿಂದು. 20 ಕಿಲೋ ಚೀಲ ಅಲ್ಲಿಂದ 40 ಸೆಂ.ಮೀ. ಮುಂದಿದೆ ಎನ್ನಿ. ಅದನ್ನು ಎಳೆದು ಹಿಡಿಯುವ ಸ್ನಾಯುಗಳಾದರೋ ಸುಮಾರು 5 ಸೆಂ.ಮೀ. ಹಿಂದಿವೆ. 20 × 40 ÷ 5 = 160. ಅಂದರೆ ಸ್ನಾಯುಗಳು 160 ಕಿಲೋ ಭಾರದಷ್ಟು ಬಲ ಹಾಕಬೇಕು. ಮುಂಡದ ಭಾರ ಬೇರೆ! ಈ ಒತ್ತಡವೆಲ್ಲ ಕಶೇರುಗಳ ನಡುವಿನ ಮೆತ್ತನೆಯ ಬಿಲ್ಲೆಯ ಮೇಲೆ. ದಿನವೂ ಹೀಗಾದರೆ ಬಿಲ್ಲೆ ಉಬ್ಬಿ ನರವನ್ನು ಒತ್ತಬಹುದು. ಆಗ ಸೊಂಟನೋವು, ಕಾಲು ಜೋಮು; ದಿನಗೂಲಿಗೂ ಸಂಚಕಾರ.

ಚೀಲವನ್ನು 20 ಸೆಂ.ಮೀ.ಗೆ ತಂದರೆ ಈ ಬಲ ಅರ್ಧಕ್ಕಿಳಿಯುತ್ತದೆ. ಆದ್ದರಿಂದಲೇ ಮೊಣಕಾಲು ಮಡಿಸಿ, ಭಾರವನ್ನು ಮೈಗೆ ತಾಗಿಸಿ, ಸೊಂಟ ತಿರುಚದೆ ಏಳಬೇಕು.

ಆದರೆ ಜಾಣ್ಮೆಯೊಂದೇ ಸಾಲದು, ಹೊರೆಯೇ ಇಳಿಯಬೇಕು. ವಯಸ್ಕ ಪುರುಷನೊಬ್ಬನ ಹೊರೆ 55 ಕಿಲೋ ಮೀರದಿರಲೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ಅದು ಗರಿಷ್ಠ ಮಿತಿಯೇ ಹೊರತು ಹಿತವಾದ ತೂಕವಲ್ಲ. ಚಿಕ್ಕ ಚೀಲ, ತಳ್ಳುಗಾಡಿ ಇವೇ ನಿಜವಾದ ಮದ್ದು.

ಪೋಷಕರೇ, ‘ಓದದಿದ್ದರೆ ಮೂಟೆ ಹೊರಬೇಕಾದೀತು’ ಎಂದು ಮಕ್ಕಳನ್ನು ಗದರಿಸುವ ಬದಲು, ಮೂಟೆ ಹೊರುವವರ ಬೆನ್ನಿನ ಈ ಲೆಕ್ಕವನ್ನು ಮಾಡಿಸಿ ನೋಡಿ.