ಕಸದಿಂದ ರಸ ತೆಗೆದದ್ದು ಸಾಕು

2024ರ ಪರಿಸರ ದಿನಕ್ಕೆ ವಿಕ್ರೋಳಿ ಪೂರ್ವದ ನಮ್ಮ ಸೊಸೈಟಿಯ ಗೇಟಿನಲ್ಲಿ ಒಂದು ಫ್ಲೆಮಿಂಗೊ ನಿಂತಿತು. ಕಬ್ಬಿಣದ ಸರಳಿನ ಕಾಲು, ತಂತಿಬಲೆಯ ಮೈ, ಮೇಲೆ ನೂರಾರು ನೀರಿನ ಬಾಟಲಿ, ಎಲ್ಲಕ್ಕೂ ಗುಲಾಬಿ ಸ್ಪ್ರೇ. ಕತ್ತಿನ ಹತ್ತಿರ ಬಾಟಲಿ ಸಾಲಲಿಲ್ಲ. ಕಮಿಟಿಯವರು ಎರಡು ಬಾಕ್ಸ್ ಹೊಸ ನೀರು ತರಿಸಿ, ನೀರನ್ನು ಗಿಡಕ್ಕೆ ಸುರಿದು, ಬಾಟಲಿ ಕಟ್ಟಿದರು. ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಒಂದೇ ಮಳೆಗಾಲಕ್ಕೆ ಹಕ್ಕಿ ಜೋತುಬಿತ್ತು. ಭಂಗಾರದವನನ್ನು, ಊರ ಕಡೆಯಾದರೆ ಗುಜರಿಯವನನ್ನು, ಕರೆದರು. ಅವನು ಸರಳು ಕಿತ್ತುಕೊಂಡ, ಬಾಟಲಿ ಮುಟ್ಟಲಿಲ್ಲ. "ಕಲರ್‌ವಾಲಾ ನಹೀ ಚಲೇಗಾ" ಎಂದ. ಬರೀ ಬಾಟಲಿಯಾಗಿದ್ದರೆ ತೂಗಿ ಒಯ್ಯುತ್ತಿದ್ದ. ಅದು ಚೂರಾಗಿ, ಕರಗಿ, ನೂಲೋ ಇನ್ನೇನೋ ಆಗುತ್ತಿತ್ತು. ಬಣ್ಣ, ಅಂಟು, ತಂತಿ ಸೇರಿದ ಮೇಲೆ ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲ. ಹಾಗಾಗಿ ಹಕ್ಕಿ ಪಾಲಿಕೆಯ ಗಾಡಿ ಹತ್ತಿತು. ಮುಂಬಯಿಯ ಕಸದ ಬಹುಪಾಲು ಹೋಗಿ ಬೀಳುವುದು ಪಕ್ಕದ ಕಾಂಜೂರ್‌ಮಾರ್ಗದಲ್ಲಿ, ಠಾಣೆ ಖಾಡಿಯ ದಂಡೆಯಲ್ಲಿ. ರಾತ್ರಿ ನಾವು ಕಿಟಕಿ ಮುಚ್ಚುವುದು ಅದರ ನಾತಕ್ಕೇ. ಕಸವಲ್ಲದ್ದನ್ನು ಕಲೆಯ ಹೆಸರಿನಲ್ಲಿ ನಾವೇ ಕಸ ಮಾಡಿ ಅಲ್ಲಿಗೆ ಕಳಿಸಿದೆವು.

ಆ ಖಾಡಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. 2024ರ ಮೇ 20ರ ರಾತ್ರಿ ಘಾಟ್ಕೋಪರ್‌ನ ಮೇಲೆ, ಇಳಿಯುತ್ತಿದ್ದ ವಿಮಾನಕ್ಕೆ ಬಡಿದು ಸುಮಾರು 40 ಫ್ಲೆಮಿಂಗೊಗಳು ಸತ್ತುಬಿದ್ದವು. ಇದಾದ ಹದಿನಾರನೇ ದಿನಕ್ಕೆ ನಮ್ಮ ಹಕ್ಕಿಯ ಮುಂದೆ ಸೆಲ್ಫಿ ತೆಗೆದುಕೊಂಡೆವು. ಸತ್ತ ಹಕ್ಕಿಗಳ ಮಾತು ಅಲ್ಲಿ ಒಬ್ಬರೂ ಎತ್ತಲಿಲ್ಲ.

ಇದು ನಮ್ಮ ಗೇಟಿನ ರೋಗ ಮಾತ್ರವಲ್ಲ. ದೆಹಲಿಯಲ್ಲಿ 2019ರಲ್ಲಿ ತೆರೆದ ಪಾರ್ಕಿನಲ್ಲಿ ಗುಜರಿ ಕಬ್ಬಿಣದ ತಾಜಮಹಲಿದೆ, ಐಫೆಲ್ ಗೋಪುರವಿದೆ. ಆ ಗುಜರಿ ಎಲ್ಲಿಂದ ಬಂತು, ಯಾರು ಆಯ್ದರು ಎಂಬುದನ್ನು ಮರೆಸುವುದೇ ಅಲ್ಲಿನ ಕೌಶಲ.

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಹಾಗೆ ಮಾಡಲಿಲ್ಲ. ಅವರ 2006ರ 'ಡಾರ್ಕ್‌ರೂಮ್' ಡಾಂಬರು ಡ್ರಮ್ಮುಗಳ ಕೃತಿ. ರಸ್ತೆ ಕೆಲಸದವರು ಅದೇ ಡ್ರಮ್ಮಿನ ತಗಡಿನಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ನೀವೂ ಕಂಡಿರುತ್ತೀರಿ. ಹೊರಗಿನಿಂದ ಅದೊಂದು ಕೋಟೆ. ಒಳಗೆ ಬಗ್ಗಿ ಹೋಗಬೇಕು, ಕತ್ತಲು, ಮೇಲಿನ ತಗಡಿನ ಸಣ್ಣ ತೂತುಗಳಲ್ಲಿ ನಕ್ಷತ್ರ. ಡ್ರಮ್ಮು ಡ್ರಮ್ಮಾಗಿಯೇ ಉಳಿದಿದೆ, ಬಣ್ಣ ಬಳಿದುಕೊಂಡು ಹಂಸವಾಗಿಲ್ಲ.

ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಬಿಟ್ಟದ್ದು ನೆನಪಿದೆಯಲ್ಲ? ಆ ಮೊಸಳೆಗೆ ಅರ್ಥ ಬಂದದ್ದು ಗುಂಡಿಯಿಂದ. ಪಾರ್ಕಿನಲ್ಲಿಟ್ಟಿದ್ದರೆ ಮಕ್ಕಳು ಮೇಲೆ ಹತ್ತಿ ಆಡುತ್ತಿದ್ದರು, ಅಷ್ಟೆ. ಗುಂಡಿಯಲ್ಲಿಟ್ಟದ್ದಕ್ಕೆ ರಸ್ತೆ ರಿಪೇರಿಯಾಯಿತು.

"ಮಕ್ಕಳಿಗೆ ಅರಿವು ಮೂಡುತ್ತದಲ್ಲ" ಎನ್ನುತ್ತಾರೆ ಕಮಿಟಿಯವರು. ಯಾವ ಅರಿವು? ಬಾಟಲಿ ಎಷ್ಟು ಕೊಂಡರೂ ಚಿಂತೆಯಿಲ್ಲ, ಕೊನೆಗೆ ಹಕ್ಕಿಯಾಗುತ್ತದೆ ಎಂದೇ? ಮಕ್ಕಳನ್ನು ಒಂದು ಸಂಜೆ ಭಂಗಾರದ ಅಂಗಡಿಯಲ್ಲಿ ಕೂರಿಸಿ. ಮುಚ್ಚಳ ಬೇರೆ, ಲೇಬಲ್ ಬೇರೆ, ಬಾಟಲಿ ಬೇರೆ ಎಂದು ಅವನ ಕೈ ವಿಂಗಡಿಸುವುದನ್ನು ನೋಡಲಿ. ಆಮೇಲೆ ಬೇಕಾದರೆ ಶಿಲ್ಪ ಮಾಡಲಿ. ಬಣ್ಣ ಬೇಡ, ಅಂಟು ಬೇಡ, ಬಿಚ್ಚಿದರೆ ಮತ್ತೆ ತೂಕಕ್ಕೆ ಹೋಗುವಂತಿರಲಿ. ಫಲಕದಲ್ಲಿ ಕಮಿಟಿಯ ಹೆಸರಿಗಿಂತ ಮೇಲೆ ಅವನ ಹೆಸರಿರಲಿ. ನಿಲ್ಲಿಸುವುದು ನಮ್ಮ ಗೇಟಿನಲ್ಲಲ್ಲ, ಡಂಪರುಗಳು ಹೋಗುವ ದಾರಿಯಲ್ಲಿ.

ಈ ಸಲ ಆಮೆಯಂತೆ. ಬಾಟಲಿ ಕೂಡಿಡಿ ಎಂದು ಲಿಫ್ಟಿನಲ್ಲಿ ನೋಟಿಸು ಅಂಟಿಸಿದ್ದಾರೆ. ನಮ್ಮ ಮನೆಯವು ಭಾನುವಾರವೇ ಅವನ ತಕ್ಕಡಿಗೆ ಹೋದವು.